ಎಲ್ಲೆಯ ಮೇಲಿನ ಸಸಿಗಳು

ಮೆಜೆಸ್ಟಿಕ್ಕಿನಲ್ಲಿ ರಾತ್ರಿಯ ಬಸ್ಸು ಹತ್ತಿದವರು ಬೆಳಗಿನ ಜಾವಕ್ಕೆ ಚಿಕ್ಕಮಗಳೂರನ್ನು ಸೇರುತ್ತಾರೆ. ಅಲ್ಲಿಗೆ ಸಮೀಪದ ಮುಳ್ಳಯ್ಯನಗಿರಿಯು ಕರ್ನಾಟಕದ ಅತ್ಯುನ್ನತ ಶಿಖರ. ಎತ್ತರ 1930 ಮೀಟರು. ಅದರ ನೆತ್ತಿಯಲ್ಲಿ ನಿಂತು ಸುತ್ತಲೂ ದಿಟ್ಟಿಸಿದರೆ ಒಂದು ಸೋಜಿಗ ಕಾಣುವುದು. ಕಣಿವೆಗಳ ಮಡಿಲಲ್ಲಿ ದಟ್ಟವಾದ ಕಾಡು. ಅದರ ಅಂಚಿನಿಂದಲೇ ಬರಿಯ ಹುಲ್ಲು. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ. ಆದರೂ ಮರಗಳು ಗೆರೆ ದಾಟುವುದಿಲ್ಲ. ಈ ಕಣಿವೆಕಾಡುಗಳನ್ನು ಶೋಲಾ ಎಂದು ಕರೆಯುತ್ತಾರೆ.

1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರಷ್ಟೆ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಅಂಥದೊಂದು ಉತ್ಸವಕ್ಕೆಂದು ಮಕ್ಕಳನ್ನು ಆ ಗಿರಿಶ್ರೇಣಿಗೆ ಕರೆದೊಯ್ದು, ಬೋಳಾದ ಹುಲ್ಲಿಳಿಜಾರಿನಲ್ಲಿ ನೂರು ಸಸಿಗಳನ್ನು ನೆಡಿಸಿದೆ. ದನ ಮೇಯಿಸುತ್ತಿದ್ದ ಮುದುಕರೊಬ್ಬರು ನೋಡುತ್ತ ನಿಂತಿದ್ದು, “ಮೇಷ್ಟ್ರೇ, ಎಳೆಗೂಸನ್ನ ಅಂಗಳದಾಗೆ ಮಲಗಿಸಿ ಹೋಗ್ತಿದೀರಲ್ಲ” ಎಂದರು. ನಾನು ನಕ್ಕೆ. ಮರುವರ್ಷ ಹೋದಾಗ ತೊಂಬತ್ತೊಂಬತ್ತು ಗುಳಿಗಳು ಬರಿದಾಗಿದ್ದವು. ಒಂದು ಬಂಡೆಯ ಮರೆಯಲ್ಲಿದ್ದ ನೇರಳೆಯ ಸಸಿಯೊಂದೇ ಉಳಿದಿತ್ತು. ಆ ಮುದುಕರ ಮಾತಿನ ತಿರುಳನ್ನು ಅರಿಯಲು ನಾನು ಹಲವು ಪುಸ್ತಕಗಳನ್ನು ಓದಬೇಕಾಯಿತು.

ಲೋಕದ ಮಹಾಪರ್ವತಗಳಲ್ಲೆಲ್ಲ ಇಂಥದೊಂದು ಎಲ್ಲೆಯುಂಟು. ಹಿಮಾಲಯದಲ್ಲಿ ಮೇಲೇರಿದಂತೆ ದೇವದಾರು ಹಿಂದುಳಿಯುತ್ತದೆ. ಫರ್ ಮರಗಳೂ ಭೂರ್ಜವೃಕ್ಷಗಳೂ ಇನ್ನೂ ಮೇಲಕ್ಕೆ ಸಾಗಿ ಕಡೆಗೆ ನಿಲ್ಲುತ್ತವೆ. ಅದರಾಚೆ ಹುಲ್ಲು, ಕುರುಚಲು, ಹಿಮ. ಬೆಳವಣಿಗೆಯ ಋತುವಿನ ಸರಾಸರಿ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಲ್ಲಿ ಈ ಎಲ್ಲೆ ಬೀಳುವುದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ಎಲ್ಲೆಯನ್ನು ಮುಂದೊತ್ತಬೇಕಾದುದು ಬೆಳೆದ ಮರವಲ್ಲ, ಅದರ ಮರಿ. ಅದರ ಪಾಡು ಕಠಿನವಾದುದು. ಮೋಡವಿಲ್ಲದ ಇರುಳಿನಲ್ಲಿ ಬಯಲು ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ಅಂಟಿದ ಸಸಿಯು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಬೆಳಗಾದೊಡನೆ ತೀಕ್ಷ್ಣವಾದ ಬಿಸಿಲು ಎರಗುತ್ತದೆ. ಚಳಿಗೆ ಮರಗಟ್ಟಿದ ಎಲೆ ಅಷ್ಟು ಬೆಳಕನ್ನು ಆಹಾರವಾಗಿಸಲಾರದು. ಬಳಕೆಯಾಗದ ಆ ಬೆಳಕೇ ಅದರ ಹಸಿರನ್ನು ಕೆಡಿಸುತ್ತದೆ. ಚಳಿಯೊಂದೇ ಆಗಿದ್ದರೆ, ಬಿಸಿಲೊಂದೇ ಆಗಿದ್ದರೆ ತಾಳಿಕೊಳ್ಳುತ್ತಿತ್ತೇನೋ!

ಆದುದರಿಂದ ಸಸಿಗೆ ಮರೆ ಬೇಕು. ಬಂಡೆಯ ಮಗ್ಗುಲು, ಬಿದ್ದು ಕೊಳೆತ ದಿಮ್ಮಿ, ದೊಡ್ಡ ಮರದ ನೆರಳು, ಯಾವುದಾದರೂ ಸರಿ. ಹಿಮವೂ ಕಂಬಳಿಯಂತೆ ಕಾಯುತ್ತದೆ. ಆದರೆ ಬಹುಕಾಲ ಕರಗದೆ ಉಳಿದರೆ ಬೆಳೆಯುವ ದಿನಗಳೇ ಕಡಿಮೆಯಾಗುತ್ತವೆ, ಬೂಷ್ಟು ಹಿಡಿಯುತ್ತದೆ. ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ಕಾಗೆಯ ಕುಲದ ಹಕ್ಕಿಯೊಂದು ಪೈನ್ ಬೀಜಗಳನ್ನು ನೆಲದಲ್ಲಿ ಹುದುಗಿಸಿಡುತ್ತದೆ. ಅದು ತಿನ್ನದೆ ಬಿಟ್ಟ ಬೀಜಗಳು ಗುಂಪಾಗಿ ಮೊಳೆಯುತ್ತವೆ. ಹೀಗೆ ಬೇರೂರಿದ ಸಸಿಯು ಹಿಮದ ಹೊದಿಕೆಯಿಂದ ತಲೆಯೆತ್ತಿದೊಡನೆ ಮತ್ತೊಂದು ಪರೀಕ್ಷೆ: ಗಾಳಿಯು ಹೊತ್ತುತರುವ ಹಿಮದ ಕಣಗಳು ಅದರ ಎಲೆಗಳನ್ನು ಉಜ್ಜಿ ಹಾಕುತ್ತವೆ.

ನಮ್ಮ ಮುಳ್ಳಯ್ಯನಗಿರಿಯಲ್ಲಿ ಹಿಮವಿಲ್ಲ. ಅಲ್ಲಿ ಸಸಿಯನ್ನು ಕೊಲ್ಲುವುದು ಬಿರುಗಾಳಿ, ತೆಳುವಾದ ಮಣ್ಣು, ಬೇಸಗೆಯ ಒಣಹವೆ ಮತ್ತು ಕಾಳ್ಗಿಚ್ಚು. ನೀಲಗಿರಿಯಲ್ಲಾದರೋ ಚಳಿಗಾಲದ ರಾತ್ರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವುದುಂಟು. ಶೋಲಾದ ಸಸಿಗಳು ಹುಲ್ಲಿಗೆ ದಾಟದಂತೆ ತಡೆಯುವುದು ಈ ಹೆಪ್ಪಿಬ್ಬನಿಯೇ ಎಂದು ಅರಣ್ಯಶಾಸ್ತ್ರಜ್ಞ ಸಿ. ಆರ್. ರಂಗನಾಥನ್ ಅವರು 1938ರಲ್ಲಿ ಬರೆದರು. ಬೆಂಕಿಯೇ ಕಾರಣವೆಂದು ವಾದಿಸಿದವರೂ ಇದ್ದರು.

ಸೂಚಿಪರ್ಣ ಮರಗಳ ಕಥೆ ಅಲ್ಲಿ ಬೇರೆಯೇ ತಿರುವು ಪಡೆಯಿತು. ಮೆಕ್ಸಿಕೋ ಮೂಲದ ಪೈನ್ ಮರಗಳನ್ನು ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲುಗಳಲ್ಲಿ ನೆಟ್ಟರು. ಅವುಗಳ ಬೀಜಕ್ಕೆ ರೆಕ್ಕೆಯುಂಟು. ಸಸಿಗೆ ಬಯಲ ಬಿಸಿಲೇ ಇಷ್ಟ. ನೆಟ್ಟ ತೋಪಿನಿಂದ ಹೊರಬಿದ್ದು ಅವು ಹುಲ್ಲನ್ನು ಆಕ್ರಮಿಸತೊಡಗಿದವು. ಆ ಹುಲ್ಲು ಮಳೆನೀರನ್ನು ಹಿಡಿದಿಟ್ಟು ತೊರೆಗಳಿಗೆ ಬಿಡುವಂಥದು, ವರೆಯಾಡುಗಳು ಮೇಯುವಂಥದು. ಬೋಳುಗುಡ್ಡವೆಂದು ನಾವು ಕರೆದುದು ಬೋಳಾಗಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಕೆಲವು ಕಡೆ ಈ ಹೊರನಾಡ ಮರಗಳ ನೆರಳಿನಲ್ಲಿಯೇ ಶೋಲಾದ ಸಸಿಗಳು ತಲೆಯೆತ್ತಿವೆ. ಬಯಲಿನಲ್ಲಿ ಬದುಕಲಾರದವುಗಳಿಗೆ ಅಲ್ಲಿ ಮರೆ ದೊರಕಿತು.

ನನ್ನ ನೇರಳೆಯನ್ನು ಮತ್ತೊಮ್ಮೆ ಕಾಣಲು ನಿವೃತ್ತನಾದ ಮೇಲೆ ಹೋಗಿದ್ದೆ. ಇಷ್ಟು ವರ್ಷಗಳಲ್ಲಿ ಅದು ನನ್ನ ಭುಜದೆತ್ತರಕ್ಕೆ ಮಾತ್ರ ಬೆಳೆದಿತ್ತು. ಬಂಡೆಗಿಂತ ಮೇಲೆ ಚಾಚಿದ ಕೊಂಬೆಗಳೆಲ್ಲ ಪಡುವಣ ಗಾಳಿಯ ಹೊಡೆತಕ್ಕೆ ಮೂಡಣ ದಿಕ್ಕಿಗೆ ಬಾಗಿದ್ದವು.