ದೋಣಿಗೊಂದು ನೆಲೆ

ಮುಂಗಾರು ಬಲಿತಾಗ ಹರಿಹರದ ಬಳಿ ತುಂಗಭದ್ರೆಯ ರೂಪವೇ ಬೇರೆಯಾಗುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದ ಹೊಳೆ, ಆಷಾಢದ ಹೊತ್ತಿಗೆ ಕೆಂಪು ನೀರನ್ನು ಹೊತ್ತು ಎರಡೂ ದಡಗಳನ್ನು ಮುಟ್ಟುತ್ತದೆ. ಈ ನೀರು ಹರಿಹರದಲ್ಲಿ ಸುರಿದ ಮಳೆಯದಲ್ಲ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೂ ಹೊಳೆ ಏರಬಹುದು. ಮಲೆನಾಡಿನಲ್ಲಿ ಎಡೆಬಿಡದೆ ಮಳೆಯಾಗಿ, ಗಾಜನೂರಿನ ತುಂಗಾ ಅಣೆಕಟ್ಟಿನಿಂದಲೂ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದಲೂ ನೀರು ಬಿಟ್ಟರೆ, ಅದು ಕೂಡಲಿಯಲ್ಲಿ ಒಂದಾಗಿ ಹರಿಹರದ ಕಡೆಗೆ ಧಾವಿಸುತ್ತದೆ. ಆದುದರಿಂದ ಹೊಳೆಯನ್ನು ಬಲ್ಲ ಅಂಬಿಗನು ಮಳೆಗಾಲದಲ್ಲಿ ತನ್ನ ತಲೆಯ ಮೇಲಿನ ಆಕಾಶವನ್ನು ನೋಡಿ ಸುಮ್ಮನಾಗುವುದಿಲ್ಲ; ಮಲೆನಾಡಿನ ಸುದ್ದಿಯನ್ನೂ ಕೇಳುತ್ತಾನೆ.

ಅವನ ಹರಿಗೋಲು ಬಹು ಸರಳವಾದ ವಾಹನ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಗಟ್ಟಿಯಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಪ್ರವಾಹದ ಸೆಳೆತಕ್ಕೆ ಸಿಕ್ಕಿದರೆ ಅದು ಬುಗುರಿಯಂತೆ ತಿರುಗಿ ಕೈಮೀರಿ ಹೋಗುತ್ತದೆ. ಆದರೆ ಹಗುರವಾಗಿರುವುದೇ ಅದರ ಭಾಗ್ಯ. ಹೊಳೆ ಏರುವ ಮೊದಲೇ ಅದನ್ನು ಹೊತ್ತು ಎತ್ತರದ ದಡಕ್ಕೆ ಒಯ್ದು, ಮಳೆಯ ನೀರು ನಿಲ್ಲದಂತೆ ಬೋರಲು ಹಾಕಿ, ಗಾಳಿಗೆ ಉರುಳದಂತೆ ಮರಕ್ಕೆ ಕಟ್ಟಬಹುದು. ಹೊಳೆ ಏರಿದ ಮೇಲೆ ಅದೇ ಕೆಲಸಕ್ಕೆ ಇಳಿದವನು ಹರಿಗೋಲಿನೊಂದಿಗೆ ಪ್ರಾಣವನ್ನೂ ಪಣಕ್ಕೆ ಒಡ್ಡಬೇಕಾಗುತ್ತದೆ.

ತುಂಗೆ ಮತ್ತು ಭದ್ರೆಯರ ಉಗಮಸ್ಥಾನ ಪಶ್ಚಿಮಘಟ್ಟದ ವರಾಹಪರ್ವತದ ಗಂಗಾಮೂಲ. ನೇತ್ರಾವತಿಯ ಮೂಲವೂ ಅಲ್ಲಿಯೇ ಎಂದು ಪ್ರಸಿದ್ಧವಾಗಿದೆ. ಮೊದಲಿನ ಎರಡು ನದಿಗಳು ಪೂರ್ವಕ್ಕೆ ತಿರುಗಿ ಬಯಲುಸೀಮೆಗೆ ಬಂದರೆ, ಮೂರನೆಯದು ಘಟ್ಟವನ್ನು ಇಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹರಿಹರದ ಹೊಳೆಯನ್ನು ಉಕ್ಕಿಸುವ ಅದೇ ನೈಋತ್ಯ ಮಾರುತವು ಘಟ್ಟವನ್ನು ಏರುವ ಮೊದಲು ಕಡಲನ್ನು ಕಡೆದು ಬಂದಿರುತ್ತದೆ. ಹೊಳೆಯ ಅಂಬಿಗನಿಗೆ ಎದುರಾಗುವ ಪ್ರಶ್ನೆಯೇ ಕರಾವಳಿಯ ಮೀನುಗಾರನಿಗೆ ನೂರು ಪಾಲು ದೊಡ್ಡದಾಗಿ ಎದುರಾಗುತ್ತದೆ: ಬಿರುಗಾಳಿಯ ದಿನಗಳಲ್ಲಿ ದೋಣಿಯನ್ನು ಎಲ್ಲಿ ಇಡುವುದು? ಅವನ ಟ್ರಾಲ್ ದೋಣಿಯನ್ನು ತಲೆಯ ಮೇಲೆ ಹೊತ್ತು ದಡಕ್ಕೆ ಒಯ್ಯುವಂತಿಲ್ಲ. ಅದನ್ನು ಕೊಂಡದ್ದು ಬಹುಮಟ್ಟಿಗೆ ಸಾಲದ ಹಣದಿಂದ. ಅದು ಒಡೆದರೆ ಮಾಲೀಕನ ಮನೆಯೊಂದೇ ಅಲ್ಲ, ದೋಣಿಯನ್ನು ನಡೆಸುವ ತಾಂಡೇಲನ ಮನೆ, ಬಲೆ ಎಳೆಯುವವರ ಮನೆ, ಮೀನು ಮಾರುವ ಹೆಂಗಸರ ಮನೆ ಎಲ್ಲವೂ ಅದರೊಂದಿಗೆ ಮುಳುಗುತ್ತವೆ.

ಕರ್ನಾಟಕದ ಕಡಲತೀರವು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ 300 ಕಿಲೋಮೀಟರುಗಳಿಗೂ ಹೆಚ್ಚು ಉದ್ದಕ್ಕೆ ಹಬ್ಬಿದೆ. ಇಲ್ಲಿನ ದೋಣಿಗಳಿಗೆ ಎರಡು ಬಗೆಯ ಗಾಳಿಯ ಭಯವುಂಟು. ಮೊದಲನೆಯದು ಮುಂಗಾರಿನ ಗಾಳಿ. ಇದು ಜೂನ್ ತಿಂಗಳಲ್ಲಿ ಆರಂಭವಾಗಿ ತಿಂಗಳುಗಟ್ಟಲೆ ಬೀಸುತ್ತದೆ. ಆದರೆ ಹೇಳಿ ಬರುವ ಅತಿಥಿ. ಎರಡನೆಯದು ಚಂಡಮಾರುತ. ಅರಬ್ಬೀ ಸಮುದ್ರದಲ್ಲಿ ಇದು ಹೆಚ್ಚಾಗಿ ಮುಂಗಾರಿನ ಹೊಸ್ತಿಲಲ್ಲಿ, ಅಂದರೆ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಮತ್ತೆ ಮುಂಗಾರು ಹಿಂದೆ ಸರಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹುಟ್ಟುತ್ತದೆ. ಅಟ್ಲಾಂಟಿಕ್ ಸಾಗರದವರು ಇದನ್ನು ಹರಿಕೇನ್ ಎಂದೂ, ಪೆಸಿಫಿಕ್ ಸಾಗರದ ಪಶ್ಚಿಮದವರು ಟೈಫೂನ್ ಎಂದೂ ಕರೆಯುತ್ತಾರೆ. ಹೆಸರು ಬೇರೆಯಾದರೂ ಗುಣ ಒಂದೇ.

ಮುಂಗಾರಿನ ಗಾಳಿಗೆ ಕರಾವಳಿಯ ಜನರು ಬಹು ಹಿಂದೆಯೇ ಉತ್ತರವನ್ನು ಕಂಡುಕೊಂಡಿದ್ದರು. ಮಳೆಗಾಲದಲ್ಲಿ ಕಡಲಿಗೆ ಇಳಿಯದಿರುವುದೇ ಆ ಉತ್ತರ. ನಾಡದೋಣಿಗಳನ್ನು ಹತ್ತಾರು ಜನ ಸೇರಿ ಅಲೆಗಳು ಮುಟ್ಟದಷ್ಟು ಮೇಲಕ್ಕೆ ಮರಳಿನ ಮೇಲೆ ಎಳೆದು, ಹೆಣೆದ ತೆಂಗಿನ ಮಡಲನ್ನು ಹೊದಿಸುತ್ತಿದ್ದರು. ಶ್ರಾವಣದ ಹುಣ್ಣಿಮೆಯಲ್ಲಿ ಸಮುದ್ರಪೂಜೆ ಮಾಡಿ, ತೆಂಗಿನಕಾಯಿಯನ್ನು ಅರ್ಪಿಸಿದ ಮೇಲೆ ಹೊಸ ಋತುವನ್ನು ಆರಂಭಿಸುತ್ತಿದ್ದರು. ಈ ಪೂಜೆ ಇಂದಿಗೂ ನಡೆದುಬಂದಿದೆ. ಯಾಂತ್ರಿಕ ದೋಣಿಗಳು ಬಂದ ಮೇಲೆ ಈ ವಿರಾಮಕ್ಕೆ ಕಾನೂನಿನ ಬಲ ದೊರೆಯಿತು. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳು ಮರಿ ಮಾಡುವ ಕಾಲದಲ್ಲಿ ಅವುಗಳಿಗೆ ರಕ್ಷಣೆ ದೊರೆಯಲೆಂಬುದು ಇದರ ಮುಖ್ಯ ಉದ್ದೇಶ. ದೋಣಿಗಳಿಗೂ ಜನರಿಗೂ ಇದರಿಂದ ರಕ್ಷಣೆ ದೊರೆಯುತ್ತದೆ. ಈ ದಿನಗಳಲ್ಲಿ ಮಲ್ಪೆ, ಗಂಗೊಳ್ಳಿ ಮತ್ತು ಮಂಗಳೂರಿನ ದಕ್ಕೆಗಳಲ್ಲಿ ದೋಣಿಗಳು ಒಂದಕ್ಕೊಂದು ಒತ್ತಾಗಿ ನಿಂತು, ದುರಸ್ತಿ ಮತ್ತು ಬಣ್ಣದ ಕೆಲಸಗಳನ್ನು ಮಾಡಿಸಿಕೊಳ್ಳುತ್ತವೆ.

ಚಂಡಮಾರುತದ ವಿಷಯ ಇಷ್ಟು ಸುಲಭವಲ್ಲ. ಅದು ಒಂದೇ ದಿಕ್ಕಿನಿಂದ ಬೀಸುವ ಗಾಳಿಯಲ್ಲ. ಒಂದು ಕೇಂದ್ರದ ಸುತ್ತ ಸುತ್ತುವ ಗಾಳಿ. ಭೂಮಧ್ಯರೇಖೆಯ ಉತ್ತರದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರುತ್ತದೆ. ಚಂಡಮಾರುತವು ಕರ್ನಾಟಕದ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗುತ್ತಿದೆಯೆಂದು ಭಾವಿಸೋಣ. ಅದು ನೈಋತ್ಯದಲ್ಲಿರುವಾಗ ತೀರದಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತದೆ. ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ ಬೀಸುತ್ತದೆ. ವಾಯವ್ಯಕ್ಕೆ ಸರಿದಾಗ ನೈಋತ್ಯದಿಂದ ಬೀಸುತ್ತದೆ. ಬೆಳಿಗ್ಗೆ ಮರೆಯಾಗಿದ್ದ ತಾಣವು ಸಂಜೆಗೆ ಗಾಳಿಯ ಬಾಯಿಗೆ ತೆರೆದುಕೊಳ್ಳಬಹುದು. ಕೇಂದ್ರವೇ ತಲೆಯ ಮೇಲೆ ಹಾದುಹೋದರೆ ಇನ್ನೂ ಅಪಾಯ. ನಡುವೆ ಕೆಲಕಾಲ ಗಾಳಿ ನಿಂತು, ಎಲ್ಲವೂ ಮುಗಿಯಿತೆಂಬ ಭ್ರಮೆಯನ್ನು ಹುಟ್ಟಿಸಿ, ಬಳಿಕ ಎದುರು ದಿಕ್ಕಿನಿಂದ ಅಷ್ಟೇ ರಭಸವಾಗಿ ಬೀಸುತ್ತದೆ. ಗಾಳಿಯ ವೇಗವು ಎರಡು ಪಟ್ಟಾದರೆ ದೋಣಿಯ ಮೇಲಿನ ಒತ್ತಡವು ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಒಳ್ಳೆಯ ನೆಲೆಯ ಲಕ್ಷಣಗಳಾವುವು? ಮೊದಲನೆಯದಾಗಿ, ತೆರೆದ ಕಡಲಿನ ಅಲೆಗಳು ಅಲ್ಲಿಗೆ ನೇರವಾಗಿ ಬರಬಾರದು. ಗುಡ್ಡ, ದ್ವೀಪ ಅಥವಾ ನದಿಯ ತಿರುವು ಅವುಗಳನ್ನು ತಡೆಯಬೇಕು. ಎರಡನೆಯದಾಗಿ, ಇಳಿತದ ಸಮಯದಲ್ಲಿಯೂ ದೋಣಿಯ ತಳ ನೆಲಕ್ಕೆ ಬಡಿಯದಷ್ಟು ಆಳವಿರಬೇಕು. ಮೂರನೆಯದಾಗಿ, ಲಂಗರು ಕಚ್ಚಿ ನಿಲ್ಲುವಂಥ ಗಟ್ಟಿ ಕೆಸರಿನ ನೆಲವಿರಬೇಕು. ನುಣುಪು ಬಂಡೆಯ ಮೇಲೆ ಲಂಗರು ಜಾರುತ್ತದೆ. ನಾಲ್ಕನೆಯದಾಗಿ, ದೋಣಿ ತಿರುಗಿದರೂ ಇನ್ನೊಂದಕ್ಕೆ ತಾಗದಷ್ಟು ಸ್ಥಳವಿರಬೇಕು. ಇವೆಲ್ಲವೂ ಒಂದೆಡೆ ಕೂಡಿಬರುವುದು ಅಪರೂಪ.

ಕಾರವಾರದ ಬೈತಖೋಲ ಅಂಥ ಅಪರೂಪದ ತಾಣಗಳಲ್ಲೊಂದು. ಕಡಲಿಗೆ ಚಾಚಿರುವ ಗುಡ್ಡವು ದಕ್ಷಿಣದ ಮತ್ತು ನೈಋತ್ಯದ ಗಾಳಿಗೆ ಅಡ್ಡಲಾಗಿ ನಿಂತಿದೆ. ಹೊರಗಿನ ದ್ವೀಪಗಳು ಅಲೆಗಳ ಬಲವನ್ನು ಮುರಿಯುತ್ತವೆ. 2019ರ ಅಕ್ಟೋಬರಿನಲ್ಲಿ 'ಕ್ಯಾರ್' ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ಎದ್ದಾಗ, ನೆರೆರಾಜ್ಯಗಳ ದೋಣಿಗಳೂ ಸೇರಿ ನೂರಾರು ದೋಣಿಗಳು ಕಾರವಾರದಲ್ಲಿ ಆಶ್ರಯ ಪಡೆದವು. ಅದಕ್ಕೆ ಎರಡು ವರ್ಷ ಮೊದಲು, 2017ರ ಕೊನೆಯಲ್ಲಿ 'ಓಖಿ' ಚಂಡಮಾರುತವು ಕೇರಳ ಮತ್ತು ತಮಿಳುನಾಡಿನ ಬಹಳ ಮಂದಿ ಮೀನುಗಾರರನ್ನು ಬಲಿ ತೆಗೆದುಕೊಂಡಿತು. ಆಗ ಬದುಕುಳಿದ ದೋಣಿಗಳಲ್ಲಿ ಎಷ್ಟೋ ದೋಣಿಗಳಿಗೆ ದೂರದ ಮಹಾರಾಷ್ಟ್ರದ ದೇವಗಡ ಬಂದರು ಆಸರೆ ನೀಡಿತು. ಬಿರುಗಾಳಿಯ ದಿನ ಬಂದರಿಗೆ ಬರುವ ದೋಣಿಯ ಊರನ್ನಾಗಲಿ ಭಾಷೆಯನ್ನಾಗಲಿ ಯಾರೂ ಕೇಳುವುದಿಲ್ಲ. ಕಡಲಿನ ಧರ್ಮ ಅದು.

ನದಿಯ ಮುಖಗಳೂ ಪ್ರಾಚೀನ ಕಾಲದಿಂದ ನೆಲೆಗಳಾಗಿವೆ. ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ದೋಣಿಗಳನ್ನು ಒಡಲೊಳಗೆ ಕರೆದುಕೊಳ್ಳುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ಈ ತೀರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತನು ಮಂಗಳೂರು ದೊಡ್ಡ ಹಿನ್ನೀರಿನ ದಡದಲ್ಲಿರುವ ದೊಡ್ಡ ಪಟ್ಟಣವೆಂದು ಬರೆದಿದ್ದಾನೆ. ಆದರೆ ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬಗಳಿರುತ್ತವೆ. ಗಾಳಿ ಬಲವಾದಾಗ ಅಲೆಗಳು ಅಲ್ಲಿ ಎದ್ದು ಒಡೆಯುತ್ತವೆ. ಮನೆಯ ಬಾಗಿಲು ಕಣ್ಣೆದುರಿಗೇ ಇರುವಾಗ ದೋಣಿಗಳು ಮಗುಚಿಕೊಳ್ಳುವುದು ಈ ಅಳಿವೆಯಲ್ಲಿ. ಹೀಗಾಗಿ ನೆಲೆ ಎಷ್ಟು ಭದ್ರವಾಗಿದ್ದರೂ ಅದನ್ನು ಸೇರಬೇಕಾದುದು ಅಳಿವೆ ಶಾಂತವಾಗಿರುವಾಗಲೇ.

ನೆಲೆಯನ್ನು ಸೇರಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಲಂಗರಿನ ಹಗ್ಗವು ನೀರಿನ ಆಳಕ್ಕಿಂತ ಕಡಮೆಯೆಂದರೆ ಐದರಿಂದ ಏಳು ಪಟ್ಟು ಉದ್ದವಿರಬೇಕು. ಹಗ್ಗ ಉದ್ದವಾದಷ್ಟೂ ಎಳೆತವು ನೆಲಕ್ಕೆ ಸಮನಾಗಿ, ಲಂಗರು ಇನ್ನಷ್ಟು ಆಳಕ್ಕೆ ಕಚ್ಚುತ್ತದೆ. ಗಿಡ್ಡ ಹಗ್ಗವು ಅದನ್ನು ಕಿತ್ತು ಮೇಲೆತ್ತುತ್ತದೆ. ದಕ್ಕೆಗೆ ಕಟ್ಟುವುದಾದರೆ ಒಂದೇ ಹಗ್ಗವನ್ನು ನಂಬದೆ ನಾಲ್ಕಾರು ದಿಕ್ಕುಗಳಿಗೆ ಕಟ್ಟಬೇಕು. ಚಂಡಮಾರುತದಲ್ಲಿ ಕಡಲಿನ ಮಟ್ಟವೇ ಏರುವುದರಿಂದ ಹಗ್ಗಕ್ಕೆ ತಕ್ಕಷ್ಟು ಸಡಿಲ ಕೊಡಬೇಕು. ಅಂಚಿಗೆ ಉಜ್ಜಿ ಸವೆಯುವೆಡೆಯಲ್ಲಿ ಬಟ್ಟೆಯನ್ನು ಸುತ್ತಬೇಕು. ದೋಣಿಗಳ ನಡುವೆ ಹಳೆಯ ಟೈರುಗಳನ್ನು ಇಳಿಬಿಡಬೇಕು. ಬಲೆ, ಡಬ್ಬ, ಹೊದಿಕೆ ಮುಂತಾದ ಗಾಳಿಗೆ ಸಿಗುವ ವಸ್ತುಗಳನ್ನೆಲ್ಲ ಇಳಿಸಬೇಕು. ಒಬ್ಬನ ಅಜಾಗರೂಕತೆಯಿಂದ ಕಳಚಿದ ಒಂದು ದೋಣಿ ಹತ್ತು ದೋಣಿಗಳನ್ನು ಒಡೆಯಬಲ್ಲುದು. ಒತ್ತಾಗಿ ನಿಲ್ಲಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ: 2023ರ ನವೆಂಬರಿನಲ್ಲಿ ಗಂಗೊಳ್ಳಿಯಲ್ಲಿ ಬೆಂಕಿ ಬಿದ್ದು, ದಡದಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಸುಟ್ಟುಹೋದವು.

ದೂರದ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಕೆರಿಬಿಯನ್ ದ್ವೀಪಗಳ ಮತ್ತು ಫ್ಲಾರಿಡಾದ ದೋಣಿಯವರು ಹರಿಕೇನ್ ಬರುವ ಮುನ್ನ ಕಾಂಡ್ಲಾ ಕಾಡುಗಳ ನಡುವಿನ ಇಕ್ಕಟ್ಟಾದ ಕಾಲುವೆಗಳಿಗೆ ನುಗ್ಗಿ, ದೋಣಿಯ ನಾಲ್ಕೂ ಕಡೆಗಳಿಂದ ಗಿಡಗಳ ಬುಡಕ್ಕೆ ಹಗ್ಗ ಬಿಗಿಯುತ್ತಾರೆ. ಜೇಡನು ಬಲೆಯ ನಡುವೆ ಕುಳಿತಂತೆ ದೋಣಿ ನಿಲ್ಲುತ್ತದೆ. ಅಘನಾಶಿನಿ, ಶರಾವತಿ ಮತ್ತು ಕಾಳಿ ನದಿಗಳ ಮುಖಗಳಲ್ಲಿಯೂ ಕಾಂಡ್ಲಾ ಗಿಡಗಳಿವೆ. ಅವು ಅಲೆಗಳನ್ನು ಮುರಿದು, ದಡದ ಮಣ್ಣನ್ನು ಹಿಡಿದಿಡುತ್ತವೆ. ಅವುಗಳನ್ನು ಕಡಿಯುವವನು ದೋಣಿಯ ನೆಲೆಯನ್ನೇ ಕಡಿಯುತ್ತಾನೆ. ದೊಡ್ಡ ಹಡಗುಗಳ ರೀತಿ ಬೇರೆ. ಅವು ಬಂದರಿನ ಗೋಡೆಗೆ ಬಡಿದು ಒಡೆಯುವುದಕ್ಕಿಂತ, ಸಾಕಷ್ಟು ಮೊದಲೇ ಬಂದರನ್ನು ಬಿಟ್ಟು, ಚಂಡಮಾರುತದ ಹಾದಿಯಿಂದ ದೂರ ವಿಶಾಲವಾದ ಕಡಲಿಗೆ ಹೋಗುವುದುಂಟು. ಚಿಕ್ಕ ದೋಣಿಗೆ ಮರೆಯೇ ರಕ್ಷೆ. ದೊಡ್ಡ ಹಡಗಿಗೆ ಬಯಲೂ ರಕ್ಷೆಯಾಗಬಹುದು. ಎರಡಕ್ಕೂ ಸಮಾನವಾಗಿ ಬೇಕಾದುದು ಸಮಯ.

ಸಮಯವನ್ನು ಕಳೆದುಕೊಂಡರೆ ಏನಾಗುವುದೆಂಬುದನ್ನು 2021ರ ಮೇ ತಿಂಗಳು ತೋರಿಸಿತು. 'ತೌಕ್ತೆ' ಚಂಡಮಾರುತವು ಕರ್ನಾಟಕದ ತೀರದ ಬದಿಯಿಂದ ಸಾಗಿ ಮೇ 17ರಂದು ಗುಜರಾತನ್ನು ತಲಪಿತು. ಮುಂಬಯಿಯಾಚೆಯ ತೈಲಕ್ಷೇತ್ರದಲ್ಲಿ ಪಿ-305 ಎಂಬ ಕಾರ್ಮಿಕರ ವಸತಿನೌಕೆ 261 ಮಂದಿಯೊಂದಿಗೆ ಕಡಲಿನಲ್ಲಿಯೇ ಉಳಿದಿತ್ತು. ಅದರ ಲಂಗರುಗಳು ಕಿತ್ತುಹೋಗಿ, ಅದು ತೇಲುತ್ತ ಸಾಗಿ ಕೊನೆಗೆ ಮುಳುಗಿತು. ನೌಕಾಪಡೆಯವರು ಜೀವದ ಹಂಗು ತೊರೆದು ಹೆಚ್ಚಿನವರನ್ನು ಉಳಿಸಿದರೂ ಎಪ್ಪತ್ತಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಚಂಡಮಾರುತದ ಮುನ್ಸೂಚನೆ ಮಾತ್ರ ದಿನಗಳ ಮೊದಲೇ ಪ್ರಕಟವಾಗಿತ್ತು.

1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ಇಂದು ಉಪಗ್ರಹಗಳ ನೆರವಿನಿಂದ ಚಂಡಮಾರುತದ ಹುಟ್ಟನ್ನೂ ನಡೆಯನ್ನೂ ಗಮನಿಸುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರನ್ನು ಮುಟ್ಟಿದರೆ ಅದಕ್ಕೆ ಚಂಡಮಾರುತವೆಂಬ ಹೆಸರು. ಬಂದರುಗಳಲ್ಲಿ ಒಂದರಿಂದ ಹನ್ನೊಂದರವರೆಗಿನ ಅಪಾಯ ಸಂಕೇತಗಳನ್ನು ಏರಿಸುತ್ತಾರೆ. ಆದರೆ ಸೂಚನೆಯನ್ನು ಕೇಳಿ ನಿರ್ಧಾರ ಮಾಡಬೇಕಾದವನು ದೋಣಿಯ ತಾಂಡೇಲ. ದೋಣಿ ತೀರದಿಂದ 150 ಕಿಲೋಮೀಟರು ದೂರದಲ್ಲಿದೆ, ಅದರ ವೇಗ ಗಂಟೆಗೆ 15 ಕಿಲೋಮೀಟರು ಎಂದು ಇಟ್ಟುಕೊಂಡರೆ, ಹಿಂದಿರುಗಲು ಹತ್ತು ಗಂಟೆಗಳು ಬೇಕು. ಎದುರುಗಾಳಿಯಿದ್ದರೆ ಇನ್ನೂ ಹೆಚ್ಚು ಬೇಕು. ಆ ಹೊತ್ತಿಗೆ ಆಕಾಶ ತಿಳಿಯಾಗಿರಬಹುದು. ಬಲೆಗೆ ಮೀನು ಚೆನ್ನಾಗಿ ಬೀಳುತ್ತಿರಬಹುದು. ಡೀಸೆಲಿನ ಖರ್ಚು ಇನ್ನೂ ಹುಟ್ಟಿರಲಿಕ್ಕಿಲ್ಲ. ಕಣ್ಣಿಗೆ ಕಾಣದ ಗಾಳಿಯನ್ನು ನಂಬಿ, ಕಣ್ಣೆದುರಿನ ಲಾಭವನ್ನು ಬಿಟ್ಟು ದೋಣಿಯನ್ನು ತಿರುಗಿಸುವುದಕ್ಕೆ ಧೈರ್ಯ ಬೇಕು. ಚಂಡಮಾರುತವು ದಾರಿ ಬದಲಿಸಿ ದೂರ ಹೋದರೆ ಅವನು ವೃಥಾ ನಷ್ಟಪಟ್ಟನೆಂದು ಜನ ಆಡಿಕೊಳ್ಳಲೂಬಹುದು. ಆದರೂ ಹಿಂದಿರುಗಿದ ದೋಣಿ ನಾಳೆ ಮತ್ತೆ ಕಡಲಿಗೆ ಇಳಿಯುತ್ತದೆ.

ದಾವಣಗೆರೆಯ ಮಂಡಿಪೇಟೆಯ ವರ್ತಕನು ಮೊದಲ ಹನಿ ಬೀಳುವವರೆಗೆ ಕಾಯದೆ, ಮೋಡ ಕವಿಯುತ್ತಲೇ ಬೀದಿಯಲ್ಲಿರುವ ಮೂಟೆಗಳನ್ನು ಒಳಗೆ ಸೇರಿಸುತ್ತಾನೆ. ಮಳೆ ಬಾರದಿದ್ದರೆ ಅವನಿಗೆ ವ್ಯರ್ಥವಾಗುವುದು ಒಂದು ಗಳಿಗೆಯ ದುಡಿಮೆ. ಬಂದರೆ ಉಳಿಯುವುದು ವರ್ಷದ ಬಾಳು. ಹೊಳೆಯ ಅಂಬಿಗನದೂ ಕಡಲಿನ ತಾಂಡೇಲನದೂ ಇದೇ ಲೆಕ್ಕ. ಗುಡ್ಡದ ಮರೆ, ನದಿಯ ಒಡಲು, ಕಾಂಡ್ಲಾದ ನೆರಳು ಇವೆಲ್ಲವೂ ಪ್ರಕೃತಿ ಕೊಟ್ಟ ನೆಲೆಗಳು. ಅವು ಭದ್ರವಾಗುವುದು, ಗಾಳಿ ಏಳುವ ಮೊದಲೇ ಅಲ್ಲಿಗೆ ಬಂದು ಸೇರುವವನಿಗೆ ಮಾತ್ರ.

ಅಭ್ಯಾಸ

1. ಹರಿಹರದಲ್ಲಿ ಮಳೆಯಿಲ್ಲದಿದ್ದರೂ ತುಂಗಭದ್ರೆ ಉಕ್ಕಲು ಕಾರಣವೇನು?
2. ಮುಂಗಾರಿನ ಗಾಳಿಗೂ ಚಂಡಮಾರುತಕ್ಕೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.
3. ದೋಣಿಗೆ ಒಳ್ಳೆಯ ನೆಲೆಯ ಲಕ್ಷಣಗಳಾವುವು? ಕಾರವಾರದ ಬೈತಖೋಲಕ್ಕೆ ಅವು ಹೇಗೆ ಅನ್ವಯಿಸುತ್ತವೆ?
4. ಲಂಗರಿನ ಹಗ್ಗ ಉದ್ದವಾಗಿರಬೇಕು ಏಕೆ?
5. "ಅವುಗಳನ್ನು ಕಡಿಯುವವನು ದೋಣಿಯ ನೆಲೆಯನ್ನೇ ಕಡಿಯುತ್ತಾನೆ." ಈ ಮಾತನ್ನು ಸಂದರ್ಭ ಸಹಿತ ವಿವರಿಸಿರಿ.
6. ಬಲೆ ತುಂಬುತ್ತಿರುವಾಗ ಚಂಡಮಾರುತದ ಸೂಚನೆ ಬಂದರೆ ತಾಂಡೇಲನು ಏನು ಮಾಡಬೇಕು? ನಿಮ್ಮ ಅಭಿಪ್ರಾಯವನ್ನು ಕಾರಣಗಳೊಂದಿಗೆ ಹತ್ತು ವಾಕ್ಯಗಳಲ್ಲಿ ಬರೆಯಿರಿ.