ಮೋಶೆಯ ಕೈ ಹಿಡಿದವರು

ಇವತ್ತಿನ ವಾಕ್ಯಭಾಗ ವಿಮೋಚನಕಾಂಡ 17, ವಚನ 8ರಿಂದ 13. ಮೋಶೆ ಗುಡ್ಡದ ಮೇಲೆ ಕೈ ಎತ್ತಿದಾಗ ಇಸ್ರಾಯೇಲ್ಯರು ಗೆಲ್ತಿದ್ರು, ಕೈ ಇಳಿದಾಗ ಅಮಾಲೇಕ್ಯರು ಗೆಲ್ತಿದ್ರು. ಇದನ್ನು ಪ್ರಾರ್ಥನೆಯ ಪಾಠ ಅಂತ ಎಷ್ಟೋ ಸಲ ಕೇಳಿದ್ದೇವೆ. ಇವತ್ತು ಆ ಕೈ ಹಿಡಿದವರನ್ನು ನೋಡೋಣ.

ಫರೋಹನ ಮುಂದೆ ನಿಂತಾಗ ಮೋಶೆಗೆ 80 ವರ್ಷ, ಆರೋನನಿಗೆ 83. ವಿಮೋಚನಕಾಂಡ 7:7 ತೆಗೆದು ನೋಡ್ರಿ. ಅಂದ್ರೆ ರೆಫೀದೀಮಿನಲ್ಲಿ ಮುದುಕನ ಕೈ ಹಿಡಿದು ನಿಂತವನು ಅವನಿಗಿಂತ ಮೂರು ವರ್ಷ ದೊಡ್ಡ ಮುದುಕ! ನಮ್ಮ ಮನೆಗಳಲ್ಲಿ ಹೀಗೇ ಅಲ್ಲೇನ್ರಿ? ಹಾಸಿಗೆ ಹಿಡಿದ ಅಜ್ಜನನ್ನು ಎಬ್ಬಿಸಿ ಕೂರಿಸುವವಳು ಎಪ್ಪತ್ತು ದಾಟಿದ ಅಜ್ಜಿ. ಅವಳಿಗೂ ಮೊಣಕಾಲು ನೋವು, ಬಿಪಿ. ಮಗ ಗೋವಾದಲ್ಲೋ ಪುಣೆಯಲ್ಲೋ ಕೆಲಸದಲ್ಲಿದ್ದಾನೆ.

ಇನ್ನೊಂದು ಮಾತು ಗಮನಿಸಿರಿ. ಆರೋನನ ಜೊತೆ ಹೂರ ಇದ್ದ. ಮೋಶೆ ಕೂರೋದಕ್ಕೆ ಒಂದು ಕಲ್ಲೂ ತಂದಿಟ್ಟರು. ಸಾಯಂಕಾಲದ ತನಕ ಒಬ್ಬನೇ ಹಿಡಿಯಲಿ ಅಂತ ಯಾರೂ ಬಿಡಲಿಲ್ಲ. ನಮ್ಮಲ್ಲಿ ಮಾತ್ರ ಒಬ್ಬ ಸೊಸೆ, ಇಲ್ಲಾಂದ್ರೆ ಮದುವೆಯಾಗದ ಒಬ್ಬ ಮಗಳು, ಎಲ್ಲಾ ಅವಳ ತಲೆ ಮೇಲೆ. ನಾವು ಭೇಟಿಗೆ ಹೋದಾಗ ಅಜ್ಜಿಯ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೇವೆ, ಚಾ ಮಾಡಿಕೊಟ್ಟವಳನ್ನು ಹೇಗಿದ್ದೀಯವ್ವ ಅಂತ ಕೇಳೋದಿಲ್ಲ.

ಒಬ್ಬ ಸಹೋದರಿ ನನಗೆ ಹೇಳಿದ್ರು: "ಪಾಸ್ಟರ್, ಒಂದು ರಾತ್ರಿ ಪೂರ್ತಿ ನಿದ್ದಿ ಮಾಡಿ ಎರಡು ವರ್ಷ ಆತ್ರಿ." ಏಳಲಾಗದವರಿಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗ್ತದೆ. ರಾತ್ರಿಯೂ ಬದಲಿಸಬೇಕು. ಹೀಗಿರುವಾಗ ಆಕೆ ಭಾನುವಾರ ಬರಲಿಲ್ಲ ಅಂದ್ರೆ ಹಿಂಜಾರಿದ್ದಾಳೆ ಅನ್ನಬೇಡ್ರಿ. 1 ಅರಸುಗಳು 19ರಲ್ಲಿ ಎಲೀಯ ಸಾಕು, ಸಾಯ್ತೇನೆ ಅಂತ ಗಿಡದ ಕೆಳಗೆ ಬಿದ್ದುಕೊಂಡ. ದೂತನು ಅವನಿಗೆ ಬುದ್ಧಿ ಹೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗೋದಕ್ಕೆ ಬಿಟ್ಟ. ಕರ್ತನು ಮಾತಾಡಿದ್ದು ಆಮೇಲೆ.

ಈಗ ಕಷ್ಟದ ಮಾತು. ದೈವಿಕ ಸ್ವಸ್ಥತೆಯನ್ನು ನಾವು ನಂಬ್ತೇವೆ, ಆಮೆನ್. ಆದರೆ ಮೋಶೆಯ ಕೈಯ ಭಾರ ಇಳಿಯಿತು ಅಂತ ಆ ಅಧ್ಯಾಯದಲ್ಲಿ ಬರೆದಿಲ್ಲ. ಜಯ ಬಂತು, ಕೈ ಮಾತ್ರ ಭಾರವಾಗಿಯೇ ಇತ್ತು. ಹಾಗಾಗಿ "ಅತ್ತಿಗೆ ಗುಣ ಆಗಿಲ್ಲ, ನಿನ್ನ ವಿಶ್ವಾಸ ಸಾಲದು" ಅಂತ ಯಾವ ಸೊಸೆಗೂ ಹೇಳಬಾರದು. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಬಾರದು. ಮಾವ ಒಂದೇ ಮಾತು ಹತ್ತು ಸಲ ಕೇಳಿದ್ರೆ, ಮಗಳನ್ನೇ ಯಾರು ನೀನು ಅಂದ್ರೆ, ಅದು ಮಿದುಳಿನ ಮರೆವಿನ ಕಾಯಿಲೆ ಇರಬಹುದು. ದುರಾತ್ಮ ಅಂತ ಅವರ ಮುಂದೆ ಕೂಗಾಡಬೇಡ್ರಿ, ಡಾಕ್ಟರಿಗೆ ತೋರಿಸ್ರಿ.

1 ತಿಮೊಥೆಯ 5:8 ಎಲ್ಲರಿಗೂ ಗೊತ್ತು, ಬೇರೆಯವರಿಗೆ ಹೇಳೋದಕ್ಕಂತೂ ಚೆನ್ನಾಗಿ ಗೊತ್ತು. ನಾಲ್ಕನೇ ವಚನ ಓದ್ರಿ. ಮಕ್ಕಳು, ಮೊಮ್ಮಕ್ಕಳು ಅಂತ ಇದೆ. ಸೊಸೆ ಒಬ್ಬಳೇ ಅಂತ ಎಲ್ಲಿದೆ? ಗಂಡಸರೇ, ಅಪ್ಪನ ಬಟ್ಟೆ ಬದಲಿಸೋದು ನಿಮ್ಮ ಕೆಲಸವೂ ಹೌದು. ಮನೆಯವರು ಯಾರೂ ಇಲ್ಲದ ವಿಧವೆಯರನ್ನು ಸಭೆ ನೋಡಬೇಕು ಅಂತ 16ನೇ ವಚನ.

ಬೆಳಗಾವಿಯಲ್ಲಿ ಬಿಮ್ಸ್ ಇದೆ, ಕೆಎಲ್‌ಇ ಇದೆ. ಖಾನಾಪುರದಿಂದ ಸುಮಾರು 26 ಕಿ.ಮೀ. ಆದರೆ ಭೀಮಗಡ ಕಾಡಿನೊಳಗಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ರೋಗಿಗಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತರ್ತಾರೆ. ಜಾಂಬೋಟಿ ಕಡೆಯಿಂದ ಒಬ್ಬ ಅಜ್ಜಿಯನ್ನು ತಪಾಸಣೆಗೆ ತರೋದು ಅಂದ್ರೆ ಕರೆತಂದವರ ಒಂದು ದಿನದ ಕೂಲಿ ಹೋಯ್ತು. ಬೈಕು, ಕಾರು ಇರುವ ಯೌವನಸ್ಥರು ಇದನ್ನು ಸೇವೆ ಅಂತ ಮಾಡಬಹುದು.

ಕಾಗದಪತ್ರದ ಕೆಲಸವೂ ಸೇವೆಯೇ. 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಇದೆ. ನಾಡಕಚೇರಿಗೆ ಜೊತೆಗೆ ಹೋಗ್ರಿ. ಆಸ್ತಿ ಬರೆಸಿಕೊಂಡು ಅವ್ವನನ್ನು ಹೊರಗೆ ಹಾಕಿದವರೂ ಇದ್ದಾರೆ. ನೋಡಿಕೊಳ್ತೇವೆ ಅಂತ ಷರತ್ತಿನ ಮೇಲೆ ಬರೆಸಿಕೊಂಡಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅದನ್ನು ರದ್ದು ಮಾಡಿಸಬಹುದು. ಜೀವನಾಂಶ ಕೇಳಿಯೂ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿ 14567, ಉಚಿತ. ಬರೆದುಕೊಳ್ರಿ.

ಈ ವಾರದಿಂದ ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಎರಡು ತಾಸು ಹೋಗೋಣ. ಒಬ್ಬರು ಹಿರಿಯರ ಹತ್ತಿರ ಕೂರಲಿ, ಇನ್ನೊಬ್ಬರು ಅಡುಗೆಮನೆ ನೋಡಲಿ. ಮನೆಯವಳು ಮಲಗಲಿ, ಇಲ್ಲಾ ಸಂತೆಗೆ ಹೋಗಿ ಬರಲಿ. ಅವಳಿಗೆ ಉಪದೇಶ ಬೇಡ. ಹೆಸರು ಕೊಡುವವರು ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಬರ್ರಿ, ಗಂಡಸರು ಮೊದಲು.

ಈಗ ಎದ್ದು ಪ್ರಾರ್ಥಿಸೋಣ. ಮೊಣಕಾಲು ನೋವಿದ್ದವರು ಕೂತೇ ಇರ್ರಿ.