ರಂಗಗೀತೆಯಿಂದ ಬೆಳ್ಳಿತೆರೆಗೆ

ಸುಗ್ಗಿಯ ಕೆಲಸ ಮುಗಿದು ಕಣದ ರಾಶಿ ಮನೆ ಸೇರಿದ ಮೇಲೆ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಮತ್ತೊಂದು ಸುಗ್ಗಿ ಆರಂಭವಾಗುತ್ತದೆ. ಅದು ನಾಟಕದ ಸುಗ್ಗಿ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಊರಹಬ್ಬ, ಜಾತ್ರೆಗಳ ಸಮಯದಲ್ಲಿ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ಇಂದಿಗೂ ಆಡುವುದುಂಟು. ಹಗಲೆಲ್ಲ ಗದ್ದೆಗೆ ನೀರು ಕಟ್ಟಿದ ರೈತನು ರಾತ್ರಿ ಗದೆ ಹಿಡಿದು ದುರ್ಯೋಧನನಾಗುತ್ತಾನೆ. ಬಂಡಿ ಹೊಡೆದು ದಣಿದವನು ಕೊಳಲು ಹಿಡಿದು ಕೃಷ್ಣನಾಗುತ್ತಾನೆ. ಈ ನಾಟಕಗಳಲ್ಲಿ ಮಾತಿಗಿಂತ ಹಾಡಿಗೇ ಮನ್ನಣೆ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದೊಡನೆ ಪಾತ್ರಧಾರಿಯು ಹಾಡತೊಡಗಬೇಕು. ಹಾಡು ಸೊಗಸಾಗಿದ್ದರೆ ‘ವನ್ಸ್ ಮೋರ್’ ಎಂಬ ಕೂಗು ಏಳುತ್ತದೆ. ಸತ್ತುಬಿದ್ದ ವೀರನೂ ಎದ್ದು ಇನ್ನೊಮ್ಮೆ ಹಾಡಬೇಕಾಗುತ್ತದೆ!

ಹಳ್ಳಿಗರಿಗೆ ಈ ಹಾಡುಗಾರಿಕೆ ಬಂದುದು ವೃತ್ತಿನಾಟಕ ಕಂಪನಿಗಳಿಂದ. ರೇಡಿಯೋ ಇನ್ನೂ ಊರೂರಿಗೆ ಬಾರದಿದ್ದ ಕಾಲದಲ್ಲಿ ಕಂಪನಿಯ ರಂಗಗೀತೆಗಳೇ ಕನ್ನಡಿಗರ ಜನಪ್ರಿಯ ಸಂಗೀತವಾಗಿದ್ದುವು. ಶಾಸ್ತ್ರೀಯ ರಾಗಗಳನ್ನೇ ಆಧರಿಸಿದ್ದರೂ ಅವು ಸಭೆಯ ಸಂಗೀತವಾಗಿರಲಿಲ್ಲ. ಕಂಪನಿಯು ಊರು ಬಿಟ್ಟುಹೋದ ಮೇಲೂ ಅವು ಬೀದಿಯಲ್ಲಿ, ಸಂತೆಯಲ್ಲಿ, ಹೊಲಗದ್ದೆಗಳಲ್ಲಿ ಗುನುಗುತ್ತಲೇ ಇರುತ್ತಿದ್ದುವು. ಅಂತಹ ಸಂಗೀತದ ನಡುವೆ ಬೆಳೆದು, ಬಡತನದೊಡನೆ ಸೆಣಸಿ, ಬೆಳ್ಳಿತೆರೆಯ ಮೇರುನಟನಾದ ಬಾಲಕನೊಬ್ಬನ ಕಥೆ ಇದು.

ಆ ಬಾಲಕನ ಹೆಸರು ಮುತ್ತುರಾಜ. ಅವನು ಹುಟ್ಟಿದುದು 1929ನೆಯ ಇಸವಿ ಏಪ್ರಿಲ್ 24ರಂದು, ತಾಳವಾಡಿಯ ಸಮೀಪದ ಗಾಜನೂರಿನಲ್ಲಿ. ಇಂದು ತಮಿಳುನಾಡಿಗೆ ಸೇರಿರುವ ಆ ಪ್ರದೇಶದಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಹಲವಾರು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಾವೇರಿತೀರದಲ್ಲಿ ಮುತ್ತತ್ತಿ ಎಂಬ ಕ್ಷೇತ್ರವಿದೆ. ಅಲ್ಲಿಯ ಆಂಜನೇಯನಿಗೆ ಮುತ್ತತ್ತಿರಾಯನೆಂದು ಹೆಸರು. ತಂದೆತಾಯಿಗಳು ಆ ದೇವರಿಗೆ ಹರಕೆ ಹೊತ್ತು ಪಡೆದ ಮಗನಾದುದರಿಂದ ಮುತ್ತುರಾಜನೆಂದು ಹೆಸರಿಟ್ಟರು.

ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗನಟರು. ಹಿರಣ್ಯಕಶಿಪು, ರಾವಣ, ಕಂಸ ಮೊದಲಾದ ರೌದ್ರಪಾತ್ರಗಳಲ್ಲಿ ಅವರದು ದೊಡ್ಡ ಹೆಸರು. ಆದರೆ ರಂಗದ ಮೇಲೆ ಮೂರು ಲೋಕಗಳನ್ನು ಗದಗದ ನಡುಗಿಸುತ್ತಿದ್ದ ಆ ಹಿರಣ್ಯಕಶಿಪುವಿನ ಮನೆಯಲ್ಲಿ ಬಡತನ ನೆಲೆಸಿತ್ತು. ಮುತ್ತುರಾಜನ ವಿದ್ಯಾಭ್ಯಾಸವು ಪ್ರಾಥಮಿಕ ಶಾಲೆಯ ಮಟ್ಟದಲ್ಲಿಯೇ ನಿಂತುಹೋಯಿತು. ಓರಗೆಯ ಹುಡುಗರು ಹಲಗೆ ಬಳಪ ಹಿಡಿದು ಶಾಲೆಗೆ ನಡೆಯುತ್ತಿದ್ದ ವಯಸ್ಸಿನಲ್ಲಿ ಅವನು ಮುಖಕ್ಕೆ ಬಣ್ಣ ಹಚ್ಚಿಕೊಂಡು, ತಂದೆಯವರಿದ್ದ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಾಲಪಾತ್ರಗಳನ್ನು ಮಾಡತೊಡಗಿದನು.

1884ರಲ್ಲಿ ಸ್ಥಾಪನೆಗೊಂಡ ಆ ಕಂಪನಿಯು ಆಗ ಕನ್ನಡನಾಡಿನಲ್ಲಿ ಪ್ರಖ್ಯಾತವಾಗಿತ್ತು. ಶಾಲೆಯ ಬಾಗಿಲು ಮುಚ್ಚಿದ ಹುಡುಗನಿಗೆ ಅದೇ ಪಾಠಶಾಲೆಯಾಯಿತು. ಅಲ್ಲಿ ಪಠ್ಯಪುಸ್ತಕವಿರಲಿಲ್ಲ, ಪಕ್ಕದ ಪರದೆಯ ಮರೆಯಲ್ಲಿ ನಿಂತು ಹಿರಿಯ ನಟರನ್ನು ನೋಡಿ ಕಲಿಯಬೇಕಾಗಿತ್ತು. ಸಂಭಾಷಣೆಯ ಒಂದೊಂದು ಅಕ್ಷರವೂ ಸ್ಫುಟವಾಗಿರಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಕೆಡಬಾರದು. ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ಹಾಡು ಕೇಳಿಸಬೇಕು. ಹಾಡಲಾರದವನಿಗೆ ಕಂಪನಿಯಲ್ಲಿ ನಾಯಕಪಾತ್ರದ ಆಸೆಯೇ ಸಲ್ಲದು. ಹೀಗೆ ಕಂಠವನ್ನು ಪಳಗಿಸುವುದೂ ನಟನೆಯನ್ನು ಕಲಿಯುವುದೂ ಮುತ್ತುರಾಜನ ಪಾಲಿಗೆ ಒಂದೇ ಆಗಿ ನಡೆದುವು.

ಆದರೆ ಕಲಿತೊಡನೆ ಫಲ ದೊರೆಯಲಿಲ್ಲ. ವರ್ಷಗಳು ಉರುಳಿದರೂ ಅವನ ಪಾಲಿಗೆ ಬಂದುವು ಸಣ್ಣಪುಟ್ಟ ಪಾತ್ರಗಳೇ. 1951ರಲ್ಲಿ ಪುಟ್ಟಸ್ವಾಮಯ್ಯನವರು ತೀರಿಕೊಂಡರು. ಇಪ್ಪತ್ತೆರಡರ ಹರೆಯದ ಮುತ್ತುರಾಜನ ಹೆಗಲಿಗೆ ಸಂಸಾರದ ನೊಗ ಬಿದ್ದಿತು. ತಮ್ಮ ವರದಪ್ಪನೊಡನೆ ಅವನು ಸುಬ್ಬಯ್ಯನಾಯ್ಡು ಅವರ ನಾಟಕಮಂಡಲಿಯನ್ನು ಸೇರಿದನು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಾಯಕರೇ ಈ ಸುಬ್ಬಯ್ಯನಾಯ್ಡು ಅವರು. 1952ರಲ್ಲಿ ‘ಶ್ರೀ ಶ್ರೀನಿವಾಸ ಕಲ್ಯಾಣ’ ಚಿತ್ರದಲ್ಲಿ ಮುತ್ತುರಾಜನಿಗೆ ಸಪ್ತರ್ಷಿಗಳಲ್ಲಿ ಒಬ್ಬನಾಗಿ ನಿಲ್ಲುವ ಅವಕಾಶ ದೊರೆಯಿತು. ಏಳು ಗಡ್ಡಗಳ ನಡುವೆ ಒಂದು ಗಡ್ಡ, ಅದನ್ನು ಗುರುತಿಸಿದವರಾರು?

ಗುರುತಿಸುವ ಕಣ್ಣು 1953ರಲ್ಲಿ ಒದಗಿಬಂದಿತು. ‘ಅಂಬರೀಷ’ ನಾಟಕದಲ್ಲಿ ಮುತ್ತುರಾಜನ ಅಭಿನಯವನ್ನು ಕಂಡ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ತಮ್ಮ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ಅವನನ್ನೇ ನಾಯಕನನ್ನಾಗಿ ಆರಿಸಿದರು. ರಾಜ್‌ಕುಮಾರ್ ಎಂಬ ಹೊಸ ಹೆಸರೂ ಆಗಲೇ ಬಂದಿತು. 1954ರಲ್ಲಿ ಚಿತ್ರ ತೆರೆಕಂಡಿತು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಅರ್ಪಿಸುವ ಬೇಡನ ಪಾತ್ರದಲ್ಲಿ ಹೊಸ ನಟನು ಜನಮನವನ್ನು ಸೂರೆಗೊಂಡನು.

ಈ ಗೆಲುವಿನೊಳಗೆ ಒಂದು ತ್ಯಾಗವೂ ಅಡಗಿತ್ತು. ಅದನ್ನು ತಿಳಿಯಲು ವಾಕ್ಚಿತ್ರದ ಇತಿಹಾಸವನ್ನು ಸ್ವಲ್ಪ ನೋಡಬೇಕು. ಚಿತ್ರಗಳು ಮಾತನಾಡಲು ಕಲಿತಾಗ ಮೊದಲು ಕರೆ ಬಂದುದು ಹಾಡುಗಾರರಿಗೆ. 1927ರಲ್ಲಿ ಅಮೆರಿಕದಲ್ಲಿ ಬಂದ ‘ದ ಜಾಝ್ ಸಿಂಗರ್’ ಚಿತ್ರದ ನಾಯಕ ಅಲ್ ಜೋಲ್ಸನ್ ರಂಗದ ಜನಪ್ರಿಯ ಗಾಯಕ. ಕೆ.ಎಲ್. ಸೈಗಲ್ ಅವರು ಹಿಂದಿಯಲ್ಲಿ, ಹೊನ್ನಪ್ಪ ಭಾಗವತರು ಕನ್ನಡ ಮತ್ತು ತಮಿಳುಗಳಲ್ಲಿ ತಾವೇ ಹಾಡಿ ತಾವೇ ನಟಿಸಿ ಕೀರ್ತಿ ಪಡೆದರು. ಆ ದಿನಗಳಲ್ಲಿ ಛಾಯಾಗ್ರಹಣ ಯಂತ್ರದ ಮುಂದೆ ನಟಿಸುತ್ತಿರುವಾಗಲೇ ಹಾಡಬೇಕಾಗಿತ್ತು. ವಾದ್ಯಗಾರರು ಯಂತ್ರದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. 1935ರ ಸುಮಾರಿಗೆ ಕಲ್ಕತ್ತೆಯಲ್ಲಿ ಹಿನ್ನೆಲೆಗಾಯನದ ಪದ್ಧತಿ ಆರಂಭವಾಯಿತು. ಗಾಯಕನು ಮೊದಲೇ ಹಾಡಿ ಧ್ವನಿಮುದ್ರಿಸುವುದು, ನಟನು ಅನಂತರ ಅದಕ್ಕೆ ತುಟಿಯಾಡಿಸುವುದು, ಇದೇ ಆ ಪದ್ಧತಿ. ಇದರಿಂದ ಹಾಡಲಾರದ ನಟರಿಗೆ ದಾರಿ ತೆರೆಯಿತು. ಹಾಡಬಲ್ಲ ನಟರ ಕಂಠಕ್ಕೆ ಕೆಲಸ ತಪ್ಪಿತು.

ರಾಜ್‌ಕುಮಾರರು ಬೆಳ್ಳಿತೆರೆಗೆ ಬರುವ ವೇಳೆಗೆ ಈ ಪದ್ಧತಿ ಬೇರೂರಿತ್ತು. ‘ಬೇಡರ ಕಣ್ಣಪ್ಪ’ನ ಹಾಡುಗಳಿಗೆ ಅವರು ಬೇರೊಬ್ಬರ ಕಂಠಕ್ಕೆ ತುಟಿಯಾಡಿಸಿದರು. ಮುಂದೆ ಸುಮಾರು ಎರಡು ದಶಕಗಳ ಕಾಲ ಪಿ.ಬಿ. ಶ್ರೀನಿವಾಸ್ ಅವರು ಅವರಿಗಾಗಿ ಹಾಡಿದರು. ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಅವರೊಡನೆ ಹಾಡಿದ ಯುಗಳಗೀತೆಯಂತಹ ಒಂದೆರಡು ಅಪವಾದಗಳನ್ನು ಬಿಟ್ಟರೆ, ಹಾಡುತ್ತಲೇ ಬೆಳೆದ ನಟನು ಹಾಡಿನ ಹೊತ್ತಿಗೆ ಮೌನಿಯಾಗಬೇಕಾಯಿತು. ಬೇರೆಯವರಾಗಿದ್ದರೆ ಅಸೂಯೆ ಹುಟ್ಟುತ್ತಿತ್ತೇನೋ! ರಾಜ್‌ಕುಮಾರರಾದರೋ ತಾವು ಶರೀರ, ಶ್ರೀನಿವಾಸ್ ಅವರು ಶಾರೀರ ಎಂದು ಮನಸಾರೆ ಹೇಳುತ್ತಿದ್ದರು. ತೆರೆಯ ಮೇಲೆ ಆ ಇಬ್ಬರೂ ಬೇರೆ ಬೇರೆ ಎಂದು ಪ್ರೇಕ್ಷಕರಿಗೆ ತೋರಲೇ ಇಲ್ಲ. ಪರರ ಹಾಡಿಗೆ ಉಸಿರಿನ ಏರಿಳಿತವನ್ನೂ ಕೊರಳಿನ ನರಗಳ ಬಿಗಿತವನ್ನೂ ಅಷ್ಟು ಸಹಜವಾಗಿ ಹೊಂದಿಸುವುದು ಹಾಡಬಲ್ಲವನಿಗೆ ಮಾತ್ರ ಸಾಧ್ಯ. ಹಾಡದಿದ್ದಾಗಲೂ ಕಂಪನಿಯ ಕಲಿಕೆ ಕೈಬಿಡಲಿಲ್ಲ.

ಮೊದಲ ಚಿತ್ರದ ಗೆಲುವಿನಿಂದ ಬಡತನವೂ ಕೂಡಲೇ ತೊಲಗಲಿಲ್ಲ. ಆಗ ತಯಾರಾಗುತ್ತಿದ್ದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಕೆಲಸವಿಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಅವರು ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿದರು. ಇವರೆಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರೇ. ತೆರೆಯ ಮೇಲೆ ಗೆದ್ದ ‘ಬೇಡರ ಕಣ್ಣಪ್ಪ’ನನ್ನೇ ನಾಟಕವಾಗಿ ಊರೂರುಗಳಲ್ಲಿ ಆಡಿದರು. ನಾಯಕನಟನೆಂದು ಹೆಸರಾದ ಮೇಲೆ ಮತ್ತೆ ನಾಟಕದ ಚಪ್ಪರಕ್ಕೆ ಮರಳುವುದು ಹೀನವೆಂದು ರಾಜ್‌ಕುಮಾರರಿಗೆ ತೋರಲಿಲ್ಲ.

ಆ ಸಂಘದ ಶ್ರಮದ ಫಲವಾಗಿ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ಹೊರಬಂದಿತು. ಇದರ ಕಥಾನಾಯಕನು 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು. ಬಿಜಾಪುರದ ಸೈನ್ಯವನ್ನು ಕೋಟೆಯ ಬಾಗಿಲಿನಿಂದ ಹಿಮ್ಮೆಟ್ಟಿಸಿದ ವೀರ ಆತ. ತನ್ನ ಹೆಸರಿನ ನಾಣ್ಯವನ್ನು ಟಂಕಿಸಿದ ದೊರೆ. ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ದೇವಾಲಯದಲ್ಲಿ ಆತನ ಶಿಲಾಮೂರ್ತಿಯನ್ನು ಇಂದಿಗೂ ಕಾಣಬಹುದು. ಕಲ್ಲಿನಲ್ಲಿ ನಿಂತಿದ್ದ ಆ ದೊರೆಗೆ ರಾಜ್‌ಕುಮಾರರು ತೆರೆಯ ಮೇಲೆ ನಡೆ ನುಡಿಗಳನ್ನು ಕೊಟ್ಟರು.

ಅನಂತರದ ವರ್ಷಗಳಲ್ಲಿ ಕೀರ್ತಿಯು ಏರುತ್ತಲೇ ಹೋಯಿತು. ಆದರೆ ಕಂಠವು ಇನ್ನೂ ತನ್ನ ಸರದಿಗಾಗಿ ಕಾದಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರ ತಯಾರಾಯಿತು. ವೃತ್ತಿರಂಗಭೂಮಿಯ ನಾಟಕಕಾರರಾದ ಪಿ.ಬಿ. ಧುತ್ತರಗಿ ಅವರ ನಾಟಕವೇ ಅದಕ್ಕೆ ಮೂಲ. ನಾಯಕನು ಎಮ್ಮೆಯ ಮೇಲೆ ಕುಳಿತು ಹಾಡುವ ಸನ್ನಿವೇಶಕ್ಕೆ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರರಿಂದಲೇ ಹಾಡಿಸಿದರು. ಆಗ ಅವರ ವಯಸ್ಸು ನಲವತ್ತೈದು. ಆ ಹಾಡು ನಾಡಿನ ಮೂಲೆಮೂಲೆಯನ್ನು ಮುಟ್ಟಿತು. ಅಲ್ಲಿಂದ ಮುಂದೆ ಅವರ ಹಾಡುಗಳಿಗೆ ಅವರೇ ಕಂಠವಾದರು. ಕಂಪನಿಯ ಹುಡುಗ ಮುತ್ತುರಾಜನು ಕಡೆಗೂ ಮೇರುನಟ ರಾಜ್‌ಕುಮಾರರನ್ನು ಬಂದು ಸೇರಿದನು.

ಇಷ್ಟು ಕಾಲದ ಮೇಲೆ ಕಂಠವು ಒಗ್ಗಿದುದು ಆಕಸ್ಮಿಕವಲ್ಲ. ಬಳಸದ ಕತ್ತಿಗೆ ತುಕ್ಕು ಹಿಡಿಯುತ್ತದೆ. ಸಾಧನೆ ತಪ್ಪಿದ ಕೊರಳು ಒಡೆಯುತ್ತದೆ. ರಾಜ್‌ಕುಮಾರರು ಮಿತವಾದ ಜೀವನವನ್ನೂ ಯೋಗಾಭ್ಯಾಸವನ್ನೂ ರೂಢಿಸಿಕೊಂಡು ದೇಹ, ಧ್ವನಿಗಳೆರಡನ್ನೂ ಕಾಪಾಡಿಕೊಂಡರು. 1992ರ ‘ಜೀವನ ಚೈತ್ರ’ ಚಿತ್ರದಲ್ಲಿ ತೋಡಿ ರಾಗವನ್ನು ಆಧರಿಸಿದ ಕ್ಲಿಷ್ಟವಾದ ಗೀತೆಯೊಂದನ್ನು ಹಾಡಿದಾಗ ಅವರಿಗೆ ಅರವತ್ತು ದಾಟಿತ್ತು. ಆ ಹಾಡಿಗಾಗಿ ಶ್ರೇಷ್ಠ ಹಿನ್ನೆಲೆಗಾಯಕನಿಗೆ ಸಲ್ಲುವ ರಾಷ್ಟ್ರಪ್ರಶಸ್ತಿ ಅವರಿಗೆ ಲಭಿಸಿತು. ಇನ್ನೂರಕ್ಕೂ ಹೆಚ್ಚು ಚಿತ್ರಗಳ ನಟನಿಗೆ ರಾಷ್ಟ್ರಪ್ರಶಸ್ತಿಯನ್ನು ತಂದುದು ಕಂಠ ಎಂಬುದು ನೆನೆಯಬೇಕಾದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, ಪದ್ಮಭೂಷಣ, ಕರ್ನಾಟಕರತ್ನ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗಳೂ ಅವರನ್ನು ಅರಸಿ ಬಂದುವು. 2006ರ ಏಪ್ರಿಲ್ 12ರಂದು ಅವರು ನಿಧನರಾದರು. ತೆರೆಯ ಮೇಲೆ ಕಣ್ಣಪ್ಪನಾಗಿ ಕಣ್ಣು ಕೊಟ್ಟ ನಟನ ಕಣ್ಣುಗಳನ್ನು ಅವರ ಇಚ್ಛೆಯಂತೆಯೇ ದಾನ ಮಾಡಲಾಯಿತು.

ಶಾಲೆ ಬಿಟ್ಟ ಬಾಲಕನು ಕೀರ್ತಿವಂತನಾದನೆಂಬ ಮಾತ್ರಕ್ಕೆ ಶಾಲೆ ಬೇಡವೆಂದು ಯಾರೂ ಭಾವಿಸಲಾಗದು. ಅವನು ಬಿಟ್ಟುದು ಶಾಲೆಯನ್ನು, ಅದೂ ಬಡತನದಿಂದ, ಕಲಿಕೆಯನ್ನಲ್ಲ. ಕಲಿತುದಕ್ಕೆ ಬೆಲೆ ಇಂದೇ ಬರಬೇಕೆಂದು ಅವನು ಹಟ ಹಿಡಿಯಲಿಲ್ಲ. ಬೆಲೆ ಬಾರದಿದ್ದಾಗ ಕಲಿತುದನ್ನು ಮರೆಯಲೂ ಇಲ್ಲ. ಇಂದು ಪಾಂಡವಪುರದ ಕಡೆಯ ಹಳ್ಳಿಯಲ್ಲಿಯೋ ನಾಗಮಂಗಲದ ಜಾತ್ರೆಯಲ್ಲಿಯೋ ಹುಡುಗನೊಬ್ಬನು ಹಾರ್ಮೋನಿಯಂ ಮೇಷ್ಟ್ರ ಬದಿಯಲ್ಲಿ ಕುಳಿತು, ತಪ್ಪಿದ ಶ್ರುತಿಯನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಿರಬಹುದು. ಆ ಹಾಡು ಅವನನ್ನು ಎಲ್ಲಿಗೆ ಮುಟ್ಟಿಸುವುದೋ ಯಾರು ಬಲ್ಲರು? ಶ್ರುತಿ ತಿದ್ದಿಕೊಂಡ ಶ್ರಮವಂತೂ ವ್ಯರ್ಥವಾಗದು.

ಪದಗಳ ಅರ್ಥ

ಓರಗೆ – ಸಮಾನ ವಯಸ್ಸು. ಸ್ಫುಟ – ಸ್ಪಷ್ಟ. ನೊಗ – ಎತ್ತಿನ ಹೆಗಲ ಮೇಲಿಡುವ ಮರ, ಇಲ್ಲಿ ಹೊಣೆ. ವಾಕ್ಚಿತ್ರ – ಮಾತುಳ್ಳ ಚಲನಚಿತ್ರ. ಶಾರೀರ – ಕಂಠಧ್ವನಿ. ಟಂಕಿಸು – ನಾಣ್ಯ ಮುದ್ರಿಸು. ಮೇರುನಟ – ಅತಿ ಶ್ರೇಷ್ಠ ನಟ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮುತ್ತುರಾಜನಿಗೆ ಆ ಹೆಸರು ಬರಲು ಕಾರಣವೇನು?
2. ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜನನ್ನು ಯಾವ ನಾಟಕದಲ್ಲಿ ಕಂಡರು?
3. ಕಂಠೀರವ ನರಸರಾಜ ಒಡೆಯರ ಶಿಲಾಮೂರ್ತಿ ಎಲ್ಲಿದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಂಗಗೀತೆಗಳು ಜನಪ್ರಿಯ ಸಂಗೀತವಾಗಿದ್ದುವೆಂದು ಹೇಗೆ ಹೇಳಬಹುದು?
2. ಹಿನ್ನೆಲೆಗಾಯನದ ಪದ್ಧತಿಯಿಂದ ನಟರ ಸ್ಥಿತಿಯಲ್ಲಿ ಆದ ಬದಲಾವಣೆಗಳಾವುವು?

ಇ) ‘ಹಾಡದಿದ್ದಾಗಲೂ ಕಂಪನಿಯ ಕಲಿಕೆ ಕೈಬಿಡಲಿಲ್ಲ’ – ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.

ಈ) ನಿಮ್ಮ ಊರಿನಲ್ಲಿ ಆಡಿದ ನಾಟಕವೊಂದರ ಸಿದ್ಧತೆಯನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.